ನೂರ ಮೂವತ್ತೊಂಬತ್ತನೆಯ ಹಾಸಿಗೆ

ಯಜಮಾನರು "ಸಾಕಾ?" ಎಂದು ಕೇಳಿದಾಗ ನಾನು "ಹೂಂ" ಎಂದುಬಿಟ್ಟೆ. ಸಾಕಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಸರಿಯಾಗಿ ಹೇಳಬೇಕೆಂದರೆ, ಸಾಕಾಗದೆ ಹೋಗಬಹುದು ಎಂದು ಗೊತ್ತಿತ್ತು. ಈ ಎರಡು ಮಾತಿನ ನಡುವಿನ ಸಂದಿಯಲ್ಲಿ ನಾನು ಎರಡು ತಿಂಗಳು ಆರಾಮವಾಗಿ ಬದುಕಿದೆ. ಆ ದಿನದ ಡೈರಿಯಲ್ಲಿ ಹೀಗಿದೆ: "ಇವತ್ತೂ ಬಾಯಿ ಬಿಡಲಿಲ್ಲ. ನಾಳೆ ಹೇಳಬೇಕು." ಮರುದಿನದ ಪುಟದಲ್ಲಿ ಚಳಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೇನೆ, ಅಷ್ಟೆ.

ನಮ್ಮ ಕಾರ್ಯಾಗಾರ ಒಂದು ಕನ್ನಡಕದ ಅಂಗಡಿಯ ಮೇಲಿದೆ. ಎರಡು ಕೋಣೆ, ಮೂರು ಜನ. ಯಜಮಾನರು ಆರ್ಡರ್ ಹಿಡಿದು ತರುತ್ತಾರೆ, ಬೆಸುಗೆ ಅಕ್ಕ ಸರ್ಕ್ಯೂಟ್ ಬೋರ್ಡುಗಳನ್ನು ಕಟ್ಟುತ್ತಾಳೆ, ನಾನು ಅವುಗಳ ಮೇಲಿನ ಚಿಪ್ಪುಗಳಿಗೆ ಮಾತು ಕಲಿಸುತ್ತೇನೆ. ಇವಳಿಗೆ ಈ ಕೆಲಸ ಕೊಟ್ಟವರ ಬುದ್ಧಿಗೆ ಏನು ಹೇಳೋಣ ಎಂದು ಅಕ್ಕ ನಗುತ್ತಾಳೆ. "ಏನೇ, ಬಾಯಿ ಇವತ್ತೂ ಮನೇಲೇ ಬಿಟ್ಟು ಬಂದ್ಯಾ?" ಎನ್ನುವುದು ಅವಳ ದಿನದ ಮೊದಲ ಮಾತು. ನಾನು ನಕ್ಕು ಕುರ್ಚಿ ಎಳೆದುಕೊಳ್ಳುತ್ತೇನೆ.

ಆ ಆರ್ಡರ್ ನನ್ನ ಚಿಕ್ಕಮ್ಮ ನರ್ಸ್ ಆಗಿರುವ ಆಸ್ಪತ್ರೆಯದು. ತಿಂಗಳುಗಟ್ಟಲೆ ಮಲಗಿರಬೇಕಾದವರ ಆಸ್ಪತ್ರೆ. ಕೆಳಗಿನ ವಾರ್ಡಿನಲ್ಲಿ ಇಪ್ಪತ್ತನಾಲ್ಕು ಹಾಸಿಗೆ, ಪ್ರತಿ ಹಾಸಿಗೆಯ ತಲೆಯ ಬಳಿ ಗೋಡೆಗೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರಿಂದ ಇಳಿಬಿದ್ದ ವೈರಿನ ತುದಿಯಲ್ಲಿ ಒಂದು ಗುಂಡಿ. ರೋಗಿ ಗುಂಡಿ ಒತ್ತಿದರೆ ಪೆಟ್ಟಿಗೆಯೊಳಗಿನ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪು ತನ್ನ ಹಾಸಿಗೆಯ ಸಂಖ್ಯೆಯನ್ನು ತಂತಿಯ ಮೇಲೆ ಕಳಿಸುತ್ತದೆ. ನರ್ಸ್ ಮೇಜಿನ ಹಿಂದಿನ ಫಲಕದಲ್ಲಿ ಆ ಸಂಖ್ಯೆಯ ದೀಪ ಹತ್ತಿ ಗಂಟೆ ಬಡಿಯುತ್ತದೆ. ಹಳೆಯ ಪೆಟ್ಟಿಗೆಗಳು ಕೆಟ್ಟಿದ್ದವು, ಫಲಕ ಗಟ್ಟಿಯಾಗಿತ್ತು. ಹಾಗಾಗಿ ಪೆಟ್ಟಿಗೆಗಳನ್ನು ಮಾತ್ರ ನಾವು ಹೊಸದಾಗಿ ಮಾಡಿಕೊಟ್ಟೆವು.

ಆ ತಂತಿಯ ಮೇಲೆ ಸಂಖ್ಯೆ ಹೋಗುತ್ತದೆಯೇ ಹೊರತು ಕಾಲ ಹೋಗುವುದಿಲ್ಲ. ಕಳಿಸುವವನು ತಂತಿಯನ್ನು ಒಮ್ಮೆ ಜಗ್ಗಿ "ಶುರು" ಎನ್ನುತ್ತಾನೆ. ಆಮೇಲೆ ಎಂಟು ಬಿಟ್, ಎಂಟು ಸೊನ್ನೆ-ಒಂದುಗಳು, ಒಂದರ ಬೆನ್ನಿಗೊಂದು. ಕೇಳಿಸಿಕೊಳ್ಳುವವನು ಆ ಕ್ಷಣದಿಂದ ತನ್ನದೇ ಗಡಿಯಾರವನ್ನು ನಂಬಿಕೊಂಡು, ಪ್ರತಿಯೊಂದರ ನಟ್ಟನಡುವೆ ಕಣ್ಣು ತೆರೆದು ನೋಡಬೇಕು. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಂತು ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿದ ಹಾಗೆ. ಒಬ್ಬ ತುಸು ಬೇಗ ಎಣಿಸಿದರೂ ಮೂರು, ನಾಲ್ಕರವರೆಗೆ ಯಾರಿಗೂ ತಿಳಿಯುವುದಿಲ್ಲ. ತಪ್ಪೆಲ್ಲ ಒಟ್ಟುಗೂಡಿ ಕೊನೆಯದರ ಮೇಲೆ ಬೀಳುತ್ತದೆ.

ಫಲಕದ ವೇಗ ಸೆಕೆಂಡಿಗೆ ಐವತ್ತೇಳು ಸಾವಿರದ ಆರುನೂರು ಬಿಟ್. ಅದಕ್ಕೆಂದೇ ಹುಟ್ಟಿದ ಕ್ರಿಸ್ಟಲ್ ಒಂದಿದೆ, ಚಿಪ್ಪಿಗೆ ಹೊರಗಿನಿಂದ ತಾಳ ಹಾಕುವ ಹರಳು, ಸೆಕೆಂಡಿಗೆ ಎಪ್ಪತ್ತಮೂರು ಲಕ್ಷದ ಎಪ್ಪತ್ತೆರಡು ಸಾವಿರದ ಎಂಟುನೂರು ಬಡಿತದ್ದು. ನೋಡಲು ಅಂದಗೇಡಿ ಸಂಖ್ಯೆ, ಆದರೆ ಭಾಗಿಸಿ ನೋಡಿ: ಸರಿಯಾಗಿ ನೂರ ಇಪ್ಪತ್ತೆಂಟು, ಚೂರೂ ಶೇಷವಿಲ್ಲ. ಆ ಕ್ರಿಸ್ಟಲ್ ಬರುವುದು ತಡವಾಯಿತು. ಚಿಪ್ಪಿನೊಳಗೇ ಒಂದು ಗಡಿಯಾರ ಇರುತ್ತದೆ, ಎಂಬತ್ತು ಲಕ್ಷದ್ದು, ದುಂಡಗೆ ಚೆಂದದ ಸಂಖ್ಯೆ. ಅದನ್ನು ಭಾಗಿಸಿದರೆ ನೂರ ಮೂವತ್ತೆಂಟು ದಶಾಂಶ ಎಂಟು ಎಂಟು ಎಂಟು ಎಂದು ಮುಗಿಯದೆ ಹೋಗುತ್ತದೆ. ನೂರ ಮೂವತ್ತೊಂಬತ್ತು ಸಿಕ್ಕಿದ್ದರೆ ತಪ್ಪು ಇದೆಯೆನ್ನುವಂತೆಯೇ ಇರಲಿಲ್ಲ. ಆದರೆ ಆ ಚಿಪ್ಪು ಎಂಟೆಂಟರ ಹೆಜ್ಜೆಯಲ್ಲೇ ಭಾಗಿಸುತ್ತದೆ: ನೂರ ಮೂವತ್ತಾರು, ಇಲ್ಲವೇ ನೂರ ನಲವತ್ತನಾಲ್ಕು. ನಾನು ಮೊದಲನೆಯದನ್ನು ಆರಿಸಿದೆ. ಶೇಕಡ ಎರಡರಷ್ಟು ಬೇಗ ಮಾತಾಡುವ ಪೆಟ್ಟಿಗೆಗಳು. ಯಜಮಾನರು ಸಾಕಾ ಎಂದು ಕೇಳಿದ್ದು ಈ ಒಳಗಿನ ಗಡಿಯಾರದ ಬಗ್ಗೆಯೇ.

ಎರಡಾದರೆ ನಡೆಯುತ್ತದೆ, ಐದರ ಹತ್ತಿರ ಹೋದರೆ ಕೆಡುತ್ತದೆ. ಆದರೆ ಒಳಗಿನ ಗಡಿಯಾರ ಕ್ರಿಸ್ಟಲ್ಲಿನಷ್ಟು ನಿಯತ್ತಿನದಲ್ಲ. ಒಂದೊಂದು ಚಿಪ್ಪಿನಲ್ಲಿ ಒಂದೊಂದು ಥರ, ಮೇಲಾಗಿ ಬಿಸಿ ತಾಗಿದರೆ ಇನ್ನಷ್ಟು ಓಡುತ್ತದೆ. ಇದೇ ನಾನು ಹೇಳಬೇಕಾಗಿದ್ದ ಮಾತು. ಡೈರಿಯ ಅಂಚಿನಲ್ಲಿ ಬರೆದುಕೊಂಡದ್ದು ಬೇರೆ: "ಬೇಕಾದದ್ದು ೧೩೯. ಅದು ಸಿಗುವುದಿಲ್ಲ."

ನಮ್ಮಲ್ಲಿ ಪರೀಕ್ಷೆಗೆ ಒಂದು ಪದ್ಧತಿಯಿದೆ. ಹೊಸ ಬೋರ್ಡು ತನ್ನ ಹೆಸರನ್ನು, ಅಂದರೆ ತನ್ನ ಸಂಖ್ಯೆಯನ್ನು, ಮೇಜಿನ ಮೇಲಿನ ಇನ್ನೊಂದು ಬೋರ್ಡಿಗೆ ಸಾವಿರ ಸಲ ಹೇಳಬೇಕು. ಸಾವಿರವೂ ಸರಿಯಾದರೆ ನಾನು ಹಸಿರು ಚೀಟಿ ಅಂಟಿಸುತ್ತೇನೆ. ಆ ಇನ್ನೊಂದು ಬೋರ್ಡೂ ನಾವೇ ಮಾಡಿದ್ದು, ಅದೇ ಚಿಪ್ಪು, ಅದೇ ನೂರ ಮೂವತ್ತಾರು. ಇಬ್ಬರೂ ಒಂದೇ ಥರ ತಪ್ಪು ಎಣಿಸುವಾಗ ತಪ್ಪು ಎಲ್ಲಿಂದ ಕಂಡೀತು? ಇಪ್ಪತ್ತನಾಲ್ಕಕ್ಕೂ ಚೀಟಿ ಬಿತ್ತು. ಚಳಿಗಾಲದ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಒಂದೊಂದೇ ಗುಂಡಿ ಒತ್ತಿದೆವು. ಸರಿಯಾದ ದೀಪವೇ ಹತ್ತಿತು. ಯಜಮಾನರು ನನ್ನ ಬೆನ್ನು ತಟ್ಟಿದರು.

ಎರಡು ತಿಂಗಳ ಮೇಲೆ, ಒಂದು ಗುರುವಾರ ಸಂಜೆ, ಚಿಕ್ಕಮ್ಮ ಚಪ್ಪಲಿ ಬಿಡುವ ಮೊದಲೇ ಅಮ್ಮನಿಗೆ ಹೇಳಿದಳು.

"ಅಕ್ಕಾ, ನೀನು ನಗಬಾರದು. ಮೇಲಿನ ವಾರ್ಡ್ ಕರೀತಿದೆ."

"ಕರೆಯೋದು ಅಂದ್ರೇನೇ? ಅದಕ್ಕೆ ಬೀಗ ಹಾಕಿದೆ ಅಂದಿದ್ದೆ."

"ಹಾಕಿದೆ. ಬೀಗದಕೈ ನನ್ನ ಸೊಂಟದಲ್ಲೇ ಇದೆ, ನೋಡು. ಸೂರು ಸೋರಿ ಎರಡು ವರ್ಷದಿಂದ ಅಲ್ಲಿ ಒಂದು ನರಪಿಳ್ಳೆ ಇಲ್ಲ. ಮೂರು ವಾರ ಆಯ್ತು, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಫಲಕದಲ್ಲಿ ಮೇಲಿನ ಒಂದು ದೀಪ ಹತ್ತುತ್ತೆ. ದಿನಾ ಅದೇ ಹಾಸಿಗೆ."

"ವೈರ್ ಕೆಟ್ಟಿರಬೇಕು. ನಿನ್ನ ಅಕ್ಕನ ಮಗಳು ಇಲ್ಲೇ ಕೂತಿದಾಳಲ್ಲ, ಕೇಳು."

"ವೈರೇ ಇಲ್ಲ ಅಕ್ಕಾ, ಕತ್ತರಿಸಿ ಹಾಕಿದಾರೆ." ಚಿಕ್ಕಮ್ಮ ಕುಳಿತುಕೊಂಡಳು. ಅವಳು ಹೆದರುವ ಹೆಂಗಸಲ್ಲ, ಇಪ್ಪತ್ತು ವರ್ಷ ಸಾವಿನ ಮಂಚಗಳ ಪಕ್ಕ ನಿಂತವಳು. "ಕೆಟ್ಟ ಯಂತ್ರ ಹೆಂಗೆಂಗೋ ಬಡ್ಕೊಳುತ್ತೆ. ಇದು ಹಂಗಲ್ಲ. ಮೂರು ಸಲ ಒತ್ತುತ್ತೆ. ಸ್ವಲ್ಪ ಹೊತ್ತು ಕಾಯುತ್ತೆ. ಮತ್ತೆ ಮೂರು ಸಲ. ಯಾರೋ ಉಸಿರು ತಗೊಂಡು ಒತ್ತಿದ ಹಾಗೆ. ಹತ್ತಿದ ದೀಪಕ್ಕೆಲ್ಲ ಹೋಗಿ ಬರಬೇಕು ಅನ್ನೋದು ನಿಯಮ. ಹೋಗ್ತೀನಿ, ಬೀಗ ತೆಗೀತೀನಿ, ಖಾಲಿ ಮಂಚ ನೋಡಿ ಬರ್ತೀನಿ."

"ಎಷ್ಟನೇ ಹಾಸಿಗೆ?" ಎಂದೆ. ನಾನು ಬಾಯಿ ಬಿಟ್ಟದ್ದಕ್ಕೆ ಇಬ್ಬರೂ ತಿರುಗಿ ನೋಡಿದರು.

"ನೂರ ಮೂವತ್ತೊಂಬತ್ತು ಕಣೇ ಗುಬ್ಬಿ."

ಎದ್ದು ಕೋಣೆಗೆ ಹೋಗಿ ಡೈರಿ ತೆಗೆದೆ. ನನ್ನದೇ ಅಕ್ಷರ, ನನ್ನದೇ ಶಾಯಿ: ಬೇಕಾದದ್ದು ೧೩೯. ಅದು ಸಿಗುವುದಿಲ್ಲ. ನಾನು ಹುಡುಕಿ ಸಿಗದೆ ಬಿಟ್ಟ ಸಂಖ್ಯೆ ಬೀಗ ಹಾಕಿದ ಕೋಣೆಯಿಂದ ಮೂರು ವಾರದಿಂದ ಗಂಟೆ ಬಾರಿಸುತ್ತಿತ್ತು. ಹೊರಗೆ ಅಮ್ಮ ತಟ್ಟೆ ಇಡುವ ಸದ್ದು ಕೇಳುತ್ತಿತ್ತು. ಪುಟ ಮುಚ್ಚಿದೆ, ಮತ್ತೆ ತೆರೆದೆ. ಕಾಕತಾಳೀಯ ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಬರೆದ ಮೇಲೂ ನಂಬಿಕೆ ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬುದ್ಧಿ ತನ್ನ ಕೆಲಸ ಶುರು ಮಾಡಿತು. ಆ ಆಸ್ಪತ್ರೆಯಲ್ಲಿ ಕೆಳಗೆ ಒಂದರಿಂದ ಇಪ್ಪತ್ತನಾಲ್ಕು, ಮೇಲೆ ನೂರ ಇಪ್ಪತ್ತೊಂಬತ್ತರಿಂದ ನೂರ ಐವತ್ತೆರಡು. ನಡುವಿನ ನೂರು ಹಾಸಿಗೆ ಯಾರು ನುಂಗಿದರು ಎಂದು ಚಿಕ್ಕಮ್ಮ ತಮಾಷೆ ಮಾಡುತ್ತಿದ್ದಳು. ಯಾರೂ ನುಂಗಿರಲಿಲ್ಲ. ಹಳೆಯ ಫಲಕ ಮಾಡಿದವನು ಎಂಟನೆಯ ಬಿಟ್ಟನ್ನು ಮಹಡಿಗೆ ಮೀಸಲಿಟ್ಟಿದ್ದ. ಅದು ಸೊನ್ನೆಯಾದರೆ ಕೆಳಗೆ, ಒಂದಾದರೆ ಮೇಲೆ. ಎಂಟನೆಯ ಬಿಟ್ಟಿನ ಬೆಲೆ ನೂರ ಇಪ್ಪತ್ತೆಂಟು. ಪೆಟ್ಟಿಗೆ ತೀರ ಬೇಗ ಮಾತಾಡಿ ಮುಗಿಸಿದರೆ, ಫಲಕ ಎಂಟನೆಯದನ್ನು ನೋಡಲು ಕಣ್ಣು ತೆರೆಯುವಷ್ಟರಲ್ಲಿ ತಂತಿ ವಿಶ್ರಾಂತಿಗೆ ಮರಳಿರುತ್ತದೆ. ಈ ತಂತಿಗೆ ವಿಶ್ರಾಂತಿ ಎಂದರೆ ಒಂದು. ಮೌನವನ್ನೇ ಫಲಕ ಮಾತೆಂದು ಎಣಿಸಿಕೊಳ್ಳುತ್ತದೆ.

ನೂರ ಮೂವತ್ತೊಂಬತ್ತರಲ್ಲಿ ನೂರ ಇಪ್ಪತ್ತೆಂಟು ಕಳೆದೆ. ಹನ್ನೊಂದು.

ಶುಕ್ರವಾರ ಮಧ್ಯಾಹ್ನ ಚಿಕ್ಕಮ್ಮನ ಊಟದ ಡಬ್ಬಿ ತಲುಪಿಸುವ ನೆಪದಲ್ಲಿ ಆಸ್ಪತ್ರೆಗೆ ಹೋದೆ. ಅವಳು ಆಗಲೇ ಊಟ ಮಾಡಿಯಾಗಿತ್ತು. ಮಧ್ಯಾಹ್ನದ ಪಾಳಿಗೆ ಇಡೀ ವಾರ್ಡಿಗೆ ಅವಳೊಬ್ಬಳೇ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವಳು ಫಲಕದ ಕಡೆಯೇ ನೋಡುತ್ತ ಕುಳಿತಳು. ಗಂಟೆ ಮೂರು ಸಲ ಬಡಿಯಿತು. ಮೇಲಿನ ಸಾಲಿನಲ್ಲಿ, ಧೂಳು ಹಿಡಿದ ಗಾಜಿನ ಹಿಂದೆ, ಒಂದು ದೀಪ.

"ನೋಡಿದ್ಯಾ? ನಾನೇನು ಹುಚ್ಚಿನಾ?" ಎಂದಳು. ದೀಪ ಆರಿಸಿ, ಬೀಗದಕೈ ತೆಗೆದುಕೊಂಡು ಎದ್ದಳು. ನಾನೂ ಹಿಂದೆ ಹೋದೆ.

ಮೇಲಿನ ವಾರ್ಡಿನ ಬಾಗಿಲು ತೆರೆದಾಗ ಹಸಿ ಸುಣ್ಣದ ವಾಸನೆ ಬಂತು. ಸುರುಳಿ ಸುತ್ತಿದ ಹಾಸಿಗೆಗಳು, ಕಿಟಕಿಗೆ ಬಡಿದ ಹಲಗೆ, ಅದರ ಸೀಳಿನಲ್ಲಿ ತೂರಿದ ಬಿಸಿಲು. ನೆಲದ ಧೂಳಿನಲ್ಲಿ ಬಾಗಿಲಿನಿಂದ ಒಂದು ಮಂಚದವರೆಗೆ ಹೆಜ್ಜೆಗಳ ಕಾಲುದಾರಿಯೇ ಆಗಿತ್ತು. ಎಲ್ಲವೂ ಚಿಕ್ಕಮ್ಮನ ಹೆಜ್ಜೆಗಳೇ, ಮೂರು ವಾರದವು. ಆ ಮಂಚದ ತಲೆಯ ಬಳಿ ತಗಡಿನ ಸಂಖ್ಯೆ. ಅದರ ಕೆಳಗೆ ಗೋಡೆಯಿಂದ ಹೊರಬಂದ ಎರಡು ಕತ್ತರಿಸಿದ ತಂತಿ, ತುದಿ ಹಸಿರುಗಟ್ಟಿದ್ದವು.

ನಾವು ಅಲ್ಲೇ ನಿಂತಿದ್ದಾಗ ಕೆಳಗೆ ಗಂಟೆ ಮತ್ತೆ ಬಡಿಯಿತು. ಮೂರು ಸಲ. ಮೆಟ್ಟಿಲುಗಳನ್ನು ಹತ್ತಿಕೊಂಡು ಆ ಸದ್ದು ಬಾಗಿಲಲ್ಲಿ ಬಂದು ನಿಂತಿತು. ನಾವಿಬ್ಬರು ಕೈಚಾಚಿ ಮುಟ್ಟಬಹುದಾದ ಈ ಮಂಚದಿಂದ, ಈಗ, ಯಾರೋ ಕರೆಯುತ್ತಿದ್ದಾರೆ ಎಂದು ಕೆಳಗಿನ ಫಲಕ ಹೇಳುತ್ತಿತ್ತು. ಲೆಕ್ಕವೆಲ್ಲ ನನ್ನ ತಲೆಯಲ್ಲಿತ್ತು. ಆದರೂ ಸುರುಳಿ ಸುತ್ತಿದ ಆ ಹಾಸಿಗೆಯ ಮಡಿಕೆಯ ಒಳಗೆ ನೋಡುವ ಧೈರ್ಯ ಬರಲಿಲ್ಲ.

"ನಡಿ," ಎಂದು ಚಿಕ್ಕಮ್ಮ ನನ್ನ ಕೈ ಹಿಡಿದಳು. ಅವಳ ಅಂಗೈ ಒದ್ದೆಯಾಗಿತ್ತು.

ಕೆಳಗೆ ಬಂದು ಅವಳು ಮೇಜಿನ ಕಡೆ ಹೋದಳು. ನಾನು ಹನ್ನೊಂದನೆಯ ಹಾಸಿಗೆಗೆ ಹೋದೆ. ಪಶ್ಚಿಮದ ಕಿಟಕಿಯ ಪಕ್ಕದ ಹಾಸಿಗೆ. ಅದರಲ್ಲಿದ್ದವರನ್ನು ಎಲ್ಲರೂ ಟೀಚರಜ್ಜಿ ಎನ್ನುತ್ತಾರೆ. ಲಕ್ವ ಹೊಡೆದು ಮಾತು ಹೋಗಿದೆ, ಎಡಭಾಗ ಬಿದ್ದಿದೆ. ಬಲಗೈ ಉಳಿದಿದೆ. ಆ ಕೈಯಲ್ಲಿ ಗುಂಡಿ ಹಿಡಿದುಕೊಂಡು ಅವರು ಮೂರು ಸಲ ಒತ್ತಿದರು. ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು. ಮತ್ತೆ ಮೂರು ಸಲ. ಪ್ರತಿ ಒತ್ತಿಗೂ ಪೆಟ್ಟಿಗೆಯ ಮೇಲಿನ ಪುಟ್ಟ ಕೆಂಪು ದೀಪ ಮಿನುಗುತ್ತಿತ್ತು. ಆ ದೀಪ ನನ್ನ ಯೋಚನೆ. ರೋಗಿಗೆ ಸಮಾಧಾನವಾಗಲಿ ಎಂದು ಇಟ್ಟದ್ದು. ಕಳಿಸಿದೆ ಎಂದಷ್ಟೇ ಅದು ಹೇಳುತ್ತದೆ. ಕೇಳಿಸಿತು ಎಂದು ನೋಡಿದವರು ಅಂದುಕೊಳ್ಳುತ್ತಾರೆ.

ಹಾಸಿಗೆಯ ಬಟ್ಟೆ ಒದ್ದೆಯಾಗಿತ್ತು. ಅವರ ಕಣ್ಣೂ.

ಪೆಟ್ಟಿಗೆಯನ್ನು ಮುಟ್ಟಿದೆ. ಬಿಸಿಲು ನೇರ ಅದರ ಮೇಲೆ ಬಿದ್ದು ಕೈ ಇಡಲಾಗದಷ್ಟು ಕಾದಿತ್ತು. ಚಳಿಗಾಲದಲ್ಲಿ ಸೂರ್ಯ ಆ ಗೋಡೆಗೆ ಬರುತ್ತಿರಲಿಲ್ಲ. ಈಗ ದಿನಾ ನಾಲ್ಕಕ್ಕೆ ಬರುತ್ತಾನೆ, ಗಡಿಯಾರವನ್ನು ಓಡಿಸುತ್ತಾನೆ. ಟೀಚರಜ್ಜಿ ಕರೆದಾಗಲೆಲ್ಲ ವಾರ್ಡಿನಲ್ಲಿದ್ದ ಒಬ್ಬಳೇ ನರ್ಸ್ ಮೆಟ್ಟಿಲು ಹತ್ತಿ ಅವರಿಂದ ದೂರ ಹೋಗುತ್ತಿದ್ದಳು. ಕರೆಯೇ ಅವಳನ್ನು ದೂರ ಕಳಿಸುತ್ತಿತ್ತು.

ಆಗಲೇ ಹೇಳಬೇಕಿತ್ತು. ಮೇಜು ಹದಿನೈದು ಹೆಜ್ಜೆ ದೂರದಲ್ಲಿತ್ತು. ಹೇಳಿದರೆ ಯಜಮಾನರಿಗೆ ಗೊತ್ತಾಗುತ್ತದೆ, ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳುತ್ತಾರೆ. ಇಷ್ಟನ್ನೇ ಸುತ್ತಿ ಸುತ್ತಿ ಯೋಚಿಸಿದೆ. ಕೊನೆಗೆ ಕಿಟಕಿಯ ಪರದೆ ಎಳೆದೆ. ಚಿಕ್ಕಮ್ಮನನ್ನು ಕರೆದು ಅಜ್ಜಿಗೆ ಬಟ್ಟೆ ಬದಲಿಸಬೇಕು ಎಂದೆ. ಮನೆಗೆ ಬಂದು ಹೊಸ ಕ್ರಿಸ್ಟಲ್ಲುಗಳಿಗೆ ಆರ್ಡರ್ ಬರೆದಿಟ್ಟೆ. ಮುಂದಿನ ವಾರ ಸದ್ದಿಲ್ಲದೆ ಬದಲಿಸಿಬಿಡಬಹುದು.

ಶನಿವಾರ ಚಿಕ್ಕಮ್ಮ ಬಂದು ಹೇಳಿದಳು, "ಇವತ್ತು ಮೇಲಿಂದ ಕರೀಲಿಲ್ಲ ಅಕ್ಕಾ." ಭಾನುವಾರವೂ ಕರೆಯಲಿಲ್ಲ. ಅಮ್ಮ ನಿಟ್ಟುಸಿರು ಬಿಟ್ಟಳು. ನಾನು ಎರಡು ತುತ್ತು ಹೆಚ್ಚೇ ಉಂಡೆ.

ಸೋಮವಾರ ಟೀಚರಜ್ಜಿಗೆ ಹೊರಗೆ ನೋಡಬೇಕೆನಿಸಿ, ಗುಡಿಸಲು ಬಂದವಳಿಗೆ ಕೈಸನ್ನೆ ಮಾಡಿ ಪರದೆ ತೆಗೆಸಿಕೊಂಡಿದ್ದರು. ನಾಲ್ಕೂಕಾಲರ ಹೊತ್ತಿಗೆ ಚಿಕ್ಕಮ್ಮ ಮೇಲಿನ ಬೀಗ ತೆಗೆಯುತ್ತಿದ್ದಾಗ ಅವರು ತಾವೇ ಇಳಿಯಲು ಹೋಗಿ ಬಿದ್ದರು. ಹಣೆ ಒಡೆದು ಏಳು ಹೊಲಿಗೆ.

ಮಂಗಳವಾರ ಬೆಳಿಗ್ಗೆ ಯಜಮಾನರಿಗೆ ಆಸ್ಪತ್ರೆಯಿಂದ ಫೋನ್ ಬಂತು. "ಬಾ, ಹೋಗಿ ಬರೋಣ. ನಮ್ಮ ಪೆಟ್ಟಿಗೆ ಸರಿ ಇದ್ಯಾ ಅಂತ ಕೇಳ್ತಿದಾರೆ," ಎಂದರು. ಬೆಸುಗೆ ಅಕ್ಕ ನನ್ನ ಮುಖ ನೋಡಿ, "ಜ್ವರ ಏನಾದ್ರೂ ಬಂದಿದ್ಯೇನೇ?" ಎಂದಳು.

ನರ್ಸುಗಳ ಮುಖ್ಯಸ್ಥೆ ದೊಡ್ಡ ಸಿಸ್ಟರ್ ಅವರ ಕೋಣೆಯಲ್ಲಿ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ಟೀಚರಜ್ಜಿಯ ಮಗಳು ಕುರ್ಚಿಯಲ್ಲಿ ಕುಳಿತಿದ್ದರು. ಚಿಕ್ಕಮ್ಮ ನಿಂತಿದ್ದಳು. ಮೇಜಿನ ಮೇಲೆ ಅವಳು ಬರೆದುಕೊಟ್ಟ ಹೇಳಿಕೆ.

"ಇಪ್ಪತ್ತು ವರ್ಷದ ಸರ್ವೀಸು," ದೊಡ್ಡ ಸಿಸ್ಟರ್ ಕನ್ನಡಕ ತೆಗೆದರು. "ನೀವು ಬರೆದಿರೋದು ಏನು, ನೀವೇ ಓದಿ. ಬೀಗ ಹಾಕಿದ ವಾರ್ಡಿಂದ ಯಾರೋ ಕರೆದ್ರು, ಅದಕ್ಕೆ ಹೋಗಿದ್ದೆ. ಇದನ್ನ ನಾನು ಆಡಳಿತದವರಿಗೆ ಕಳಿಸ್ಲಾ?"

"ಕರೆದಿದ್ದು ನಿಜ, ಮೇಡಂ."

"ಮೇಲೆ ಹೋಗಿ ಮಲಗ್ತಿದ್ದರು," ಎಂದರು ಮಗಳು. "ದೆವ್ವದ ಕತೆ ಬೇರೆ. ನಮ್ಮಮ್ಮ ಗುಂಡಿ ಒತ್ತಿ ಒತ್ತಿ ಹೆಬ್ಬೆರಳು ಊದಿದೆ, ಬಂದು ನೋಡಿ. ನಾಚಿಕೆ ಆಗಲ್ವಾ ನಿಮಗೆ?"

ಮನೆಯಲ್ಲಿ ಎಲ್ಲರ ಬಾಯಿ ಮುಚ್ಚಿಸುವವಳು ಚಿಕ್ಕಮ್ಮ ಅಲ್ಲಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ತನಗೇ ತನ್ನ ಮೇಲೆ ಅನುಮಾನ ಬಂದವರ ಮುಖ ಹೇಗಿರುತ್ತದೆ ಎಂದು ನಾನು ಆಗ ನೋಡಿದೆ.

ದೊಡ್ಡ ಸಿಸ್ಟರ್ ಯಜಮಾನರ ಕಡೆ ತಿರುಗಿದರು. "ನೀವೇ ಹೇಳಿ. ಒತ್ತಿದ ಹಾಸಿಗೆ ಬಿಟ್ಟು ಬೇರೆ ದೀಪ ಹತ್ತೋಕೆ ಸಾಧ್ಯ ಇದ್ಯಾ?"

"ಸಾಧ್ಯವೇ ಇಲ್ಲ," ಎಂದರು ಯಜಮಾನರು. ಅವರು ಸುಳ್ಳು ಹೇಳುವವರಲ್ಲ. ಅದನ್ನು ನಂಬಿಯೇ ಹೇಳಿದರು. "ಒಂದೊಂದನ್ನೂ ಸಾವಿರ ಸಲ ಪರೀಕ್ಷೆ ಮಾಡಿದೀವಿ. ಈ ಹುಡುಗೀನೇ ಮಾಡಿದ್ದು. ಏನಮ್ಮಾ?"

ಎಲ್ಲರೂ ನನ್ನ ಕಡೆ ನೋಡಿದರು. ಚಿಕ್ಕಮ್ಮ ಮಾತ್ರ ನೋಡಲಿಲ್ಲ, ನನ್ನನ್ನು ಕಷ್ಟಕ್ಕೆ ಸಿಕ್ಕಿಸಬಾರದೆಂದು ನೆಲ ನೋಡುತ್ತಿದ್ದಳು. ಫ್ಯಾನು ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು. ಯಜಮಾನರು ನನ್ನ ಮೌನಕ್ಕೆ ಒಗ್ಗಿದವರು. ಅದನ್ನೇ ಉತ್ತರವೆಂದುಕೊಂಡು, "ನೋಡಿ, ಅವಳೂ..." ಎಂದು ಶುರು ಮಾಡಿದರು.

"ಚಿಕ್ಕಮ್ಮ ಮಲಗಿರಲಿಲ್ಲ," ಎಂದೆ. ನನ್ನ ದನಿ ನನಗೇ ಪರಿಚಯವಿಲ್ಲದವರ ದನಿಯಂತೆ ಕೇಳಿಸಿತು. "ಕರೆದಿದ್ದು ಟೀಚರಜ್ಜಿ. ಬಿಸಿಲಿಗೆ ಅವರ ಪೆಟ್ಟಿಗೆ ಹನ್ನೊಂದು ಅಂತ ಕಳಿಸಿದ್ದು ಇಲ್ಲಿ ನೂರ ಮೂವತ್ತೊಂಬತ್ತು ಅಂತ ಕಾಣುತ್ತೆ. ಆ ಗಡಿಯಾರ ಆರಿಸಿದ್ದು ನಾನು."

ಟೀಚರಜ್ಜಿಯ ಮಗಳು ಏನೋ ಕೇಳಲು ಬಾಯಿ ತೆರೆದರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಉಳಿದದ್ದು ಡೈರಿಗೇ ಹೋಗುತ್ತದೆ ಎಂದು ಗೊತ್ತಿತ್ತು.

"ಶುಕ್ರವಾರವೇ ನನಗೆ ಗೊತ್ತಾಗಿತ್ತು. ಅವರು ಅಳ್ತಿದ್ದಿದ್ದು ನೋಡಿದೆ. ಪರದೆ ಎಳೆದು ಮನೆಗೆ ಹೋದೆ."